ಹಳಿಯ ಆಯುಷ್ಯ ಎಷ್ಟು?

ಹುಬ್ಬಳ್ಳಿ–ಧಾರವಾಡದ ನಡುವೆ ರೈಲಿನಲ್ಲಿ ಓಡಾಡಿದ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಗಾಡಿ ವೇಗ ಹಿಡಿಯಿತೆಂದರೆ ಕಾಲಡಿಯಿಂದ ‘ಖಟಕ್ ಖಟಕ್’ ಎಂಬ ತಾಳ ಶುರುವಾಗುತ್ತಿತ್ತು. ಆ ತಾಳಕ್ಕೆ ಮಕ್ಕಳು ನಿದ್ದೆ ಹೋಗುತ್ತಿದ್ದರು. ಲೆಕ್ಕದಲ್ಲಿ ಚುರುಕಾದ ಹುಡುಗರು ಮಾತ್ರ ಕೈಗಡಿಯಾರ ನೋಡುತ್ತ ಸದ್ದು ಎಣಿಸುತ್ತಿದ್ದರು. ಬ್ರಾಡ್‌ಗೇಜ್ ಮಾರ್ಗದಲ್ಲಿ ಆಗ ಒಂದು ಹಳಿಯ ಉದ್ದ 13 ಮೀಟರ್. ಒಂದು ಹಳಿ ಮುಗಿದು ಇನ್ನೊಂದು ಶುರುವಾಗುವ ಸಂದನ್ನು ಬೋಗಿಯ ಗಾಲಿಗಳು ದಾಟಿದಾಗ ಒಂದು ಜೋಡಿ ಸದ್ದು. 47 ಸೆಕೆಂಡಿನಲ್ಲಿ ಇಂಥ ಎಷ್ಟು ಜೋಡಿ ಸದ್ದು ಕೇಳಿತೋ, ಗಾಡಿಯ ವೇಗ ಗಂಟೆಗೆ ಹೆಚ್ಚುಕಡಿಮೆ ಅಷ್ಟೇ ಕಿಲೋಮೀಟರ್! ಬೇಕಾದರೆ ಗುಣಾಕಾರ ಮಾಡಿ ನೋಡಿ.

ಇಂದಿನ ಮಕ್ಕಳಿಗೆ ಈ ಆಟ ಆಡಲು ಆಗುವುದಿಲ್ಲ. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ನಡುವೆ ವಂದೇ ಭಾರತ್ ಗಾಡಿ ಶುರುವಾಯಿತು. ಅಂಥ ಗಾಡಿಯಲ್ಲಿ ಕುಳಿತವರಿಗೆ ಕೇಳಿಸುವುದು ಒಂದೇ ಸಮನೆಯ ಗುಂಯ್ ನಾದ. ನಿಲ್ದಾಣದ ಹತ್ತಿರ ಗಾಡಿ ಮಾರ್ಗ ಬದಲಿಸುವಾಗ ಮಾತ್ರ ಹಳೆಯ ಸದ್ದು ನಾಲ್ಕಾರು ಬಾರಿ ಕೇಳಿ ಮಾಯವಾಗುತ್ತದೆ. ಸದ್ದು ಎಲ್ಲಿ ಹೋಯಿತು? ಉತ್ತರ ಗಾಡಿಯಲ್ಲಿಲ್ಲ, ಅದರ ಕೆಳಗಿನ ಹಳಿಯಲ್ಲಿದೆ.

ರೈಲಿನ ಮಾತು ಬಂದರೆ ನಮ್ಮ ಕಣ್ಣು ಇಂಜಿನ್ನಿನ ಕಡೆಗೇ ಹೋಗುತ್ತದೆ. ಹಳಿಯನ್ನು ನೋಡುವವರು ಕಡಿಮೆ. ಅದು ಅಲ್ಲಾಡುವುದಿಲ್ಲ, ಬಿಸಿಲು ಮಳೆಗೆ ಬಿದ್ದುಕೊಂಡಿರುತ್ತದೆ. ಆದರೆ ಸುಮಾರು 200 ವರ್ಷಗಳಿಂದ ಇಂಜಿನಿಯರುಗಳು ಈ ಕಬ್ಬಿಣದ ಪಟ್ಟಿಯ ಹಿಂದೆ ಬಿದ್ದಿದ್ದಾರೆ. ಅದರ ಕಥೆಯಲ್ಲಿ ಒಂದು ಸ್ವಾರಸ್ಯವಿದೆ. ಹಳಿಯ ಒಂದು ರೋಗಕ್ಕೆ ಮದ್ದು ಕಂಡುಹಿಡಿದಾಗಲೆಲ್ಲ ಆ ಮದ್ದೇ ಇನ್ನೊಂದು ಹೊಸ ರೋಗವನ್ನು ತಂದಿದೆ.

ಈ ಕಥೆ ಹೇಳಲು ಹುಬ್ಬಳ್ಳಿಗಿಂತ ತಕ್ಕ ಊರು ಬೇರೆ ಬೇಕಿಲ್ಲ. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಇಲ್ಲಿಗೆ ಮೀಟರ್‌ಗೇಜ್ ಹಳಿ ತಂದಿತು. 1885ರಲ್ಲಿ ಇಲ್ಲಿ ರೈಲ್ವೆ ವರ್ಕ್‌ಶಾಪ್ ಶುರುವಾಯಿತು. 1990ರ ದಶಕದಲ್ಲಿ ಒಂದು ಮೀಟರ್ ಅಗಲದ ಮಾರ್ಗ ಹೋಗಿ 1,676 ಮಿಲಿಮೀಟರ್ ಅಗಲದ ಬ್ರಾಡ್‌ಗೇಜ್ ಬಂತು. 2003ರ ಏಪ್ರಿಲ್ 1ರಿಂದ ಇದು ನೈಋತ್ಯ ರೈಲ್ವೆಯ ಕೇಂದ್ರ ಸ್ಥಾನ. 2023ರ ಮಾರ್ಚ್‌ನಲ್ಲಿ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಜಗತ್ತಿನಲ್ಲೇ ಅತಿ ಉದ್ದವಾದದ್ದೆಂದು ಹೆಸರಾಯಿತು. ಈ 1,507 ಎಂಬ ಸಂಖ್ಯೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ನಿಲ್ಲಿಸಿದ ಪಟ್ಟಿ

ನಿಮ್ಮ ಕಂಪಾಸು ಪೆಟ್ಟಿಗೆಯ ಸ್ಕೇಲನ್ನು ಎರಡು ಪುಸ್ತಕಗಳ ನಡುವೆ ಅಡ್ಡಲಾಗಿ ಮಲಗಿಸಿ, ನಡುವೆ ಬೆರಳಿನಿಂದ ಒತ್ತಿ. ಸಲೀಸಾಗಿ ಬಾಗುತ್ತದೆ. ಅದೇ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಬಾಗುವುದೇ ಇಲ್ಲ! ಹಳಿಯ ಆಕಾರದ ಗುಟ್ಟು ಇಷ್ಟೇ. ಎತ್ತರ ಹೆಚ್ಚಿದರೆ ಬಾಗುವುದು ಕಡಿಮೆ. ಅದಕ್ಕೆಂದೇ ಹಳಿಗೆ ಗಾಲಿ ಉರುಳಲು ದಪ್ಪ ತಲೆ, ನಡುವೆ ಎತ್ತರದ ತೆಳು ಸೊಂಟ, ಕೆಳಗೆ ಅಗಲ ಪಾದ. ಇಂದು ಮುಖ್ಯ ಮಾರ್ಗಗಳಲ್ಲಿ ಹಾಕುವ 60 ಕಿಲೋ ಹಳಿಯ ಎತ್ತರ 172 ಮಿಲಿಮೀಟರ್, ಪಾದದ ಅಗಲ 150 ಮಿಲಿಮೀಟರ್. 60 ಕಿಲೋ ಎಂದರೆ ಒಂದು ಮೀಟರ್ ಉದ್ದದ ಹಳಿಯ ತೂಕ.

ಈ ಆಕಾರ ಒಂದೇ ದಿನ ಹೊಳೆದದ್ದಲ್ಲ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಮೇಲೆ ಕೆಳಗೆ ಎರಡೂ ಕಡೆ ತಲೆಯಿರುವ ಹಳಿ ಮಾಡಿದರು. ಒಂದು ತಲೆ ಸವೆದ ಮೇಲೆ ತಿರುಗಿಸಿ ಹಾಕಿದರೆ ಇನ್ನೊಂದು ತಲೆ ಸಿಗುತ್ತದೆ, ಎರಡು ಪಟ್ಟು ಬಾಳಿಕೆ ಎಂಬ ಲೆಕ್ಕಾಚಾರ. ಆದದ್ದೇ ಬೇರೆ. ಹಳಿಯನ್ನು ಹಿಡಿದಿಡುವ ಬೀಡುಕಬ್ಬಿಣದ ಆಸನದ ಮೇಲೆ ಕೂತು ಕೂತು ಕೆಳಗಿನ ತಲೆಯಲ್ಲಿ ತಗ್ಗು ಬಿತ್ತು. ತಿರುಗಿಸಿ ಹಾಕಿದರೆ ಗಾಡಿ ಗಡಗಡ ಕುಣಿಯತೊಡಗಿತು. ಕೊನೆಗೆ ಗೆದ್ದದ್ದು ಅಗಲ ಪಾದದ ಸಾದಾ ಹಳಿ.

ಕಬ್ಬಿಣ ಹೋಗಿ ಉಕ್ಕು ಬಂತು

ಮೊದಮೊದಲ ಹಳಿಗಳು ಮೆದು ಕಬ್ಬಿಣದವು. ಗಾಲಿಯ ಭಾರಕ್ಕೆ ಅವು ಪದರು ಪದರಾಗಿ ಎದ್ದುಬರುತ್ತಿದ್ದವು. ಇಂಗ್ಲೆಂಡಿನ ಡರ್ಬಿ ನಿಲ್ದಾಣದಲ್ಲಿ ಗಾಡಿಗಳ ಸಂದಣಿ ಎಷ್ಟಿತ್ತೆಂದರೆ ಆರಾರು ತಿಂಗಳಿಗೆ, ಕೆಲವೊಮ್ಮೆ ಮೂರೇ ತಿಂಗಳಿಗೆ ಹಳಿ ಬದಲಿಸಬೇಕಾಗುತ್ತಿತ್ತು. 1857ರಲ್ಲಿ ರಾಬರ್ಟ್ ಮಶೆಟ್ ಎಂಬ ಲೋಹತಜ್ಞ ಕೊಟ್ಟ ಉಕ್ಕಿನ ಹಳಿಯನ್ನು ಅಲ್ಲಿ ಹಾಕಿದರು. ಅದು 16 ವರ್ಷ ಬಾಳಿತು!

ಕಬ್ಬಿಣವನ್ನು ಉಕ್ಕಾಗಿಸುವುದು ಇಂಗಾಲ. ಹಳಿಯ ಉಕ್ಕಿನಲ್ಲಿ ಅದರ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಅಷ್ಟರಿಂದಲೇ ಉಕ್ಕಿನೊಳಗೆ ಮೆದು ಕಬ್ಬಿಣದ ಒಂದು ತೆಳು ಪದರ, ಗಡಸು ಕಾರ್ಬೈಡಿನ ಒಂದು ತೆಳು ಪದರ, ಹೀಗೆ ಒಂದರ ಮೇಲೊಂದು ಕಟ್ಟಿಕೊಳ್ಳುತ್ತದೆ. ಗಡಸು ಪದರ ಸವೆತವನ್ನು ತಡೆಯುತ್ತದೆ, ಮೆದು ಪದರ ಪೆಟ್ಟನ್ನು ನುಂಗುತ್ತದೆ. ಬಿಸಿ ಹಳಿಯ ತಲೆಯನ್ನು ಹದವಾಗಿ ಬೇಗ ತಣಿಸಿದರೆ ಪದರಗಳು ಇನ್ನೂ ತೆಳುವಾಗಿ ಹಳಿ ಇನ್ನೂ ಗಡಸಾಗುತ್ತದೆ. ಇಂಗಾಲ ಅತಿಯಾದರೆ ಮಾತ್ರ ಹಳಿ ಗಾಜಿನಂತೆ ಒಡೆಯುವ ಅಪಾಯವಿದೆ.

ಹಳಿಯ ಆಯುಷ್ಯವನ್ನು ರೈಲ್ವೆಯವರು ವರ್ಷಗಳಲ್ಲಿ ಎಣಿಸುವುದಿಲ್ಲ, ಅದರ ಮೇಲೆ ಹಾಯ್ದ ಭಾರದಲ್ಲಿ ಎಣಿಸುತ್ತಾರೆ. ನಮ್ಮ ರೈಲ್ವೆಯ ಕೈಪಿಡಿಯಲ್ಲಿ 52 ಕಿಲೋ ತೂಕದ ಹಳೆಯ ಮಾದರಿ ಉಕ್ಕಿನ ಹಳಿಗೆ 35 ಕೋಟಿ ಟನ್ ಎಂದು ಆಯುಷ್ಯ ಬರೆದಿತ್ತು. ಅದೇ ತೂಕದ ಹಳಿಯನ್ನು ಹೆಚ್ಚು ಬಲದ ಉಕ್ಕಿನಿಂದ ಮಾಡಿದಾಗ 52.5 ಕೋಟಿ ಟನ್. ಅದೇ ಉಕ್ಕಿನ ಹಳಿ 60 ಕಿಲೋ ಆದಾಗ 80 ಕೋಟಿ ಟನ್. ಅಂದರೆ ಉಕ್ಕು ಸುಧಾರಿಸಿದ್ದಕ್ಕೆ ಒಂದೂವರೆ ಪಟ್ಟು, ಮೀಟರಿಗೆ ಎಂಟು ಕಿಲೋ ಕೂಡಿಸಿದ್ದಕ್ಕೆ ಮತ್ತೆ ಸುಮಾರು ಒಂದೂವರೆ ಪಟ್ಟು.

ಕಣ್ಣಿಗೆ ಕಾಣದ ಬಿರುಕು

ಉಕ್ಕು ಬಂದಿತು, ಸವೆತ ತಗ್ಗಿತು. ಹೊಸ ರೋಗ ಒಳಗಿನಿಂದ ಶುರುವಾಯಿತು. ಮೆದು ಕಬ್ಬಿಣದ ಹಳಿ ಕೆಟ್ಟರೆ ಹೊರಗೆ ಕಾಣುತ್ತಿತ್ತು. ಉಕ್ಕಿನ ಹಳಿ ಹೊರಗೆ ಹೊಳೆಯುತ್ತಲೇ ಒಳಗೆ ಸೀಳಬಲ್ಲದು. 1911ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಎಂಬಲ್ಲಿ ಹೀಗೆ ಒಳಗೇ ಬೆಳೆದ ಅಡ್ಡ ಬಿರುಕಿನಿಂದ ಹಳಿ ಮುರಿದು, ಗಾಡಿ ಹಳಿ ತಪ್ಪಿ 29 ಜನ ಸತ್ತರು. ಕರಗಿದ ಉಕ್ಕಿನಲ್ಲಿ ಸೇರಿಕೊಂಡ ಹೈಡ್ರೋಜನ್, ಉಕ್ಕು ತಣಿಯುವಾಗ ಹೊರಬರಲಾರದೆ ಒಳಗೆ ಕೂದಲೆಳೆಯಂಥ ಬಿರುಕು ಮಾಡುತ್ತದೆ ಎಂಬುದು ಆಮೇಲೆ ತಿಳಿಯಿತು. 1930ರ ದಶಕದಲ್ಲಿ ಹಳಿಗಳನ್ನು ನಿಧಾನವಾಗಿ ತಣಿಸುವ ಪದ್ಧತಿ ಬಂತು. ಈಗ ಕರಗಿದ ಉಕ್ಕಿನಿಂದಲೇ ನಿರ್ವಾತದಲ್ಲಿ ಹೈಡ್ರೋಜನ್ ಹೀರಿ ತೆಗೆಯುತ್ತಾರೆ.

ಆದರೂ ಗಾಡಿಗಳ ಕೆಳಗೆ ದಣಿದು ದಣಿದು ಬಿರುಕು ಹುಟ್ಟಬಹುದಲ್ಲ? ಅದನ್ನು ನೋಡುವ ಕಣ್ಣು ಎಂದರೆ ಶ್ರವಣಾತೀತ ಧ್ವನಿ. ಬಾವಲಿ ಕತ್ತಲಲ್ಲಿ ದಾರಿ ಹುಡುಕುವ ಉಪಾಯವೇ ಇದು. ಒಂದು ತಳ್ಳುಬಂಡಿಯನ್ನು ಹಳಿಯ ಮೇಲೆ ಮೆಲ್ಲಗೆ ನಡೆಸುತ್ತಾರೆ. ಅದರ ಅಡಿಯ ಉಪಕರಣಗಳು ನೇರವಾಗಿಯೂ ಓರೆಯಾಗಿಯೂ ಧ್ವನಿ ಕಳಿಸುತ್ತವೆ. ನಡುವೆ ಗಾಳಿ ಸೇರಿ ಧ್ವನಿ ಕಳೆದುಹೋಗದಂತೆ ಹಳಿಯ ಮೇಲೆ ನೀರು ಹನಿಸುತ್ತಿರುತ್ತಾರೆ. ಬಿರುಕು ಇದ್ದಲ್ಲಿ ಧ್ವನಿ ಬೇಗ ತಿರುಗಿ ಬರುತ್ತದೆ. ಬಿರುಕು ದೊಡ್ಡದಾದರೆ ಆ ಜಾಗಕ್ಕೆ ‘ಕೂಡಲೇ ತೆಗೆಯಬೇಕು’ ಎಂಬ ಗುರುತು, ಸಣ್ಣದಾದರೆ ‘ಕಣ್ಣಿಡಬೇಕು’ ಎಂಬ ಗುರುತು.

ಸದ್ದು ಹೋಯಿತು, ಸೆಳೆತ ಬಂತು

ಇನ್ನು ಖಟಕ್ ಸದ್ದಿನ ವಿಷಯ. ಹಳಿಯ ತುದಿಗಳ ನಡುವೆ ಸಂದು ಬಿಡುತ್ತಿದ್ದುದು ಬಿಸಿಲಿಗೆ ಹಿಗ್ಗಲು ಜಾಗ ಬೇಕೆಂದು. ಇಬ್ಬದಿಗೆ ಫಿಶ್‌ಪ್ಲೇಟ್ ಇಟ್ಟು ಬೋಲ್ಟ್ ಬಿಗಿಯುತ್ತಿದ್ದರು. ಆದರೆ ಪ್ರತಿ ಗಾಲಿಯೂ ಆ ಸಂದಿನಲ್ಲಿ ಸುತ್ತಿಗೆಯಂತೆ ಬಡಿಯುತ್ತಿತ್ತು. ತುದಿಗಳು ಜಜ್ಜಿಹೋಗುತ್ತಿದ್ದವು, ಬೋಲ್ಟಿನ ತೂತಿನಿಂದ ಬಿರುಕು ಹೊರಡುತ್ತಿತ್ತು, ಕೆಳಗಿನ ಜಲ್ಲಿ ಕುಸಿಯುತ್ತಿತ್ತು. ಹಳಿಯ ಅತಿ ದುರ್ಬಲ ಜಾಗ ಅದು.

ಮದ್ದು ಎಂದರೆ ಬೆಸುಗೆ. ಜರ್ಮನಿಯ ಹಾನ್ಸ್ ಗೋಲ್ಡ್‌ಸ್ಮಿಟ್ 1890ರ ದಶಕದಲ್ಲಿ ಒಂದು ಚಮತ್ಕಾರ ತೋರಿಸಿದ. ಕಬ್ಬಿಣದ ಆಕ್ಸೈಡಿಗೆ ಅಲ್ಯೂಮಿನಿಯಂ ಪುಡಿ ಬೆರೆಸಿ ಹೊತ್ತಿಸಿದರೆ 2,000 ಡಿಗ್ರಿಗೂ ಮೀರಿದ ಶಾಖದಲ್ಲಿ ಕರಗಿದ ಉಕ್ಕು ಇಳಿಯುತ್ತದೆ. ಅದನ್ನು ಎರಡು ಹಳಿಗಳ ನಡುವಿನ ಅಚ್ಚಿಗೆ ಸುರಿದರೆ ಎರಡೂ ಒಂದಾಗುತ್ತವೆ. ಇಂದು ಭಿಲಾಯಿ ಉಕ್ಕಿನ ಕಾರ್ಖಾನೆ 130 ಮೀಟರ್ ಉದ್ದದ ಹಳಿಯನ್ನೇ ಒಂದೇ ತುಂಡಾಗಿ ತಯಾರಿಸುತ್ತದೆ. ಅಂಥ ಎರಡನ್ನು ಬೆಸೆದು 260 ಮೀಟರ್ ಉದ್ದದ ಹಳಿಯಾಗಿ ಕಳಿಸುತ್ತಾರೆ. ಮಾರ್ಗದ ಮೇಲೆ ಅವನ್ನೂ ಬೆಸೆದರೆ ಕಿಲೋಮೀಟರುಗಟ್ಟಲೆ ಸಂದೇ ಇಲ್ಲ. ಸದ್ದು ಹೋದದ್ದು ಹೀಗೆ.

ಹಾಗಾದರೆ ಬಿಸಿಲಿಗೆ ಹಳಿ ಹಿಗ್ಗುವುದಿಲ್ಲವೆ? ಇಲ್ಲಿ ಹುಬ್ಬಳ್ಳಿಯ ಪ್ಲಾಟ್‌ಫಾರ್ಮಿನ ಲೆಕ್ಕ ತೆಗೆಯೋಣ. ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಉಕ್ಕು ತನ್ನ ಉದ್ದದ ಹತ್ತು ಲಕ್ಷಕ್ಕೆ 11.5 ಪಾಲಿನಷ್ಟು ಹಿಗ್ಗುತ್ತದೆ. ಚಳಿಗಾಲದ ಬೆಳಗಿನ ಜಾವ ಹಳಿಯ ತಾಪ 15 ಡಿಗ್ರಿ, ಬೇಸಿಗೆಯ ಮಧ್ಯಾಹ್ನ 60 ಡಿಗ್ರಿ ಎಂದಿಟ್ಟುಕೊಳ್ಳಿ. ಬಿಸಿಲಲ್ಲಿ ಹಳಿ ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. 1,507 ಮೀಟರ್ ಉದ್ದದ ಹಳಿಯನ್ನು ಹಾಗೇ ಬಿಟ್ಟರೆ ಈ 45 ಡಿಗ್ರಿಗೆ ಅದು ಸುಮಾರು 78 ಸೆಂಟಿಮೀಟರ್ ಉದ್ದವಾಗಬೇಕು!

ಉದ್ದ ಬೆಸುಗೆಯ ಹಳಿಯನ್ನು ಹಾಗೆ ಬೆಳೆಯಲು ಬಿಡುವುದಿಲ್ಲ. ಭಾರವಾದ ಕಾಂಕ್ರೀಟ್ ಸ್ಲೀಪರು, ಬಿಗಿ ಹಿಡಿಯುವ ಕ್ಲಿಪ್ಪು, ಸುತ್ತಲೂ ತುಂಬಿದ ಜಲ್ಲಿ ಇವೆಲ್ಲ ಸೇರಿ ಅದನ್ನು ಅಲ್ಲೇ ಹಿಡಿದಿಡುತ್ತವೆ. ಹಿಗ್ಗಲಾರದ ಹಳಿ ಒಳಗೊಳಗೇ ಬಲ ಕೂಡಿಸಿಕೊಳ್ಳುತ್ತದೆ. 60 ಕಿಲೋ ಹಳಿಯಲ್ಲಿ ಒಂದೊಂದು ಡಿಗ್ರಿಗೂ ಸುಮಾರು 1.85 ಟನ್. ಆದ್ದರಿಂದ ಇಂಜಿನಿಯರುಗಳು ಎರಡೂ ತುದಿಗೆ ವಾಲದ ನಡುವಣ ಒಂದು ತಾಪದಲ್ಲಿ, ಉದಾಹರಣೆಗೆ 40 ಡಿಗ್ರಿಯಲ್ಲಿ, ಹಳಿಯನ್ನು ಬಿಗಿಯುತ್ತಾರೆ. ಆಗ ಬೇಸಿಗೆಯ 60 ಡಿಗ್ರಿಯಲ್ಲಿ ಹಳಿಯನ್ನು ಸುಮಾರು 37 ಟನ್ ಬಲ ಒತ್ತುತ್ತದೆ. ಜಲ್ಲಿ ಸಡಿಲವಿದ್ದರೆ ಹಳಿ ಹಾವಿನಂತೆ ಸೊಟ್ಟಗಾಗುತ್ತದೆ. ಚಳಿಗಾಲದ 15 ಡಿಗ್ರಿಯಲ್ಲಿ ಸುಮಾರು 46 ಟನ್ ಬಲ, ಹತ್ತು ಆನೆಗಳ ತೂಕದಷ್ಟು, ಹಳಿಯನ್ನು ಎರಡೂ ಕಡೆಗೆ ಎಳೆಯುತ್ತಿರುತ್ತದೆ. ಎಲ್ಲಾದರೂ ಸಣ್ಣ ಬಿರುಕು ಅಡಗಿದ್ದರೆ ಅದು ಬಾಯಿ ಬಿಡುವುದು ಆಗಲೇ.

ಇದು ಬರೀ ಲೆಕ್ಕದ ಮಾತಲ್ಲ. 1998ರ ನವೆಂಬರ್ 26ರ ನಸುಕಿನಲ್ಲಿ ಪಂಜಾಬಿನ ಖನ್ನಾ ಬಳಿ ಹಳಿ ಮುರಿದು ಒಂದು ಗಾಡಿಯ ಡಬ್ಬಿಗಳು ಪಕ್ಕದ ಮಾರ್ಗಕ್ಕೆ ಚಾಚಿಕೊಂಡವು. ಎದುರಿನಿಂದ ಬಂದ ಇನ್ನೊಂದು ಗಾಡಿ ಅವಕ್ಕೆ ಬಡಿಯಿತು. ಸತ್ತವರು 200ಕ್ಕೂ ಹೆಚ್ಚು.

ಗಟ್ಟಿಯಾದರೆ ಸಾಕೆ?

ತುಂಬಿದ ಅದಿರಿನ ವ್ಯಾಗನ್ನಿನ ಒಂದು ಗಾಲಿ ಹಳಿಯ ಮೇಲೆ ಹಾಕುವ ಭಾರ 11 ಟನ್ನಿನ ಆಸುಪಾಸು. ಗಾಲಿಯೂ ಹಳಿಯೂ ಮುಟ್ಟುವ ಜಾಗವಾದರೋ ಹೆಬ್ಬೆರಳಿನ ಉಗುರಿನಷ್ಟು! ಅಲ್ಲಿ ಹಳಿಯ ಚರ್ಮ ಪ್ರತಿ ಗಾಲಿಗೂ ಒಂದಿಷ್ಟು ನಜ್ಜುಗುಜ್ಜಾಗುತ್ತದೆ. ಲಕ್ಷಗಟ್ಟಲೆ ಗಾಲಿ ಹಾಯ್ದ ಮೇಲೆ ಕೂದಲಿನಂಥ ಬಿರುಕುಗಳು ಮೇಲ್ಮೈಯಲ್ಲಿ ಏಳುತ್ತವೆ.

ಹಿಂದಿನ ಮೆದು ಹಳಿಯಲ್ಲಿ ಇವು ಬೆಳೆಯುವ ಮೊದಲೇ ಮೇಲ್ಮೈ ಸವೆದು ಬಿರುಕೂ ಅಳಿಸಿಹೋಗುತ್ತಿತ್ತು. ಹೊಸ ಗಡಸು ಹಳಿ ಸವೆಯುವುದಿಲ್ಲ, ಆದ್ದರಿಂದ ಬಿರುಕು ಆಳಕ್ಕೆ ಇಳಿಯಲು ಬೇಕಾದಷ್ಟು ಸಮಯ ಸಿಗುತ್ತದೆ. ಮೇಲ್ಮೈಯ ಇಂಥ ಬಿರುಕುಗಳು ಏನು ಮಾಡಬಲ್ಲವು ಎಂಬುದನ್ನು ಜಗತ್ತು 2000ದ ಅಕ್ಟೋಬರ್ 17ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್‌ನಲ್ಲಿ ಕಂಡಿತು. ಅತಿವೇಗದ ಗಾಡಿಯ ಕೆಳಗೆ ಹಳಿ 300ಕ್ಕೂ ಹೆಚ್ಚು ಚೂರಾಯಿತು. ನಾಲ್ವರು ಸತ್ತರು. ಆ ಹಳಿಯಲ್ಲಿ ಬಿರುಕಿರುವುದು ಮೊದಲೇ ಗೊತ್ತಿತ್ತು. ಬದಲಿಗೆ ಬೇಕಾದ ಹೊಸ ಹಳಿ ಮಾರ್ಗದ ಪಕ್ಕದಲ್ಲೇ ತಿಂಗಳುಗಟ್ಟಲೆ ಬಿದ್ದಿತ್ತು!

ಇದಕ್ಕೆ ಕಂಡುಕೊಂಡ ಮದ್ದು ವಿಚಿತ್ರವಾದದ್ದು. ತಿರುಗುವ ಸಾಣೆಕಲ್ಲುಗಳಿರುವ ಯಂತ್ರದಿಂದ ಒಳ್ಳೆಯ ಹಳಿಯ ಮೇಲ್ಮೈಯನ್ನೇ ತೆಳ್ಳಗೆ ಹೆರೆಯುತ್ತಾರೆ. ಭಾರತೀಯ ರೈಲ್ವೆಯಲ್ಲೂ ಇಂಥ ಯಂತ್ರಗಳಿವೆ. ಸವೆಯದಿರಲೆಂದು ನೂರೈವತ್ತು ವರ್ಷ ದುಡಿದವರು ಈಗ ಬಾಳಿಕೆಗಾಗಿ ತಾವೇ ಹಳಿಯನ್ನು ಸವೆಸುತ್ತಿದ್ದಾರೆ!

ನಮ್ಮ ನೆಲದ ಗುಣ

ಎಂಥ ಹಳಿ ತಂದರೂ ಅದು ಕೂರುವುದು ನಮ್ಮ ನೆಲದ ಮೇಲೆ. ಹುಬ್ಬಳ್ಳಿಯಿಂದ ಗದಗಿನ ಕಡೆಗೆ ಹೊರಟರೆ ಎರೆಭೂಮಿ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಗುಣ ರೈತರಿಗೆ ಚೆನ್ನಾಗಿ ಗೊತ್ತು. ಅದರ ಮೇಲೆ ನೇರವಾಗಿ ಜಲ್ಲಿ ಹಾಕಿದರೆ ಜಲ್ಲಿ ಕೆಸರಿನಲ್ಲಿ ಇಳಿದುಹೋಗುತ್ತದೆ, ಹಳಿಗೆ ಆಸರೆ ತಪ್ಪುತ್ತದೆ. ಅದಕ್ಕೇ ನಡುವೆ ಒಳ್ಳೆಯ ಗರಸಿನಂಥ ಪದರವೊಂದನ್ನು ಹಾಸಬೇಕು, ನೀರು ಹರಿದುಹೋಗಲು ದಾರಿ ಮಾಡಬೇಕು.

ಪಶ್ಚಿಮಕ್ಕೆ ಧಾರವಾಡ, ಲೋಂಡಾ ದಾಟಿ ಕ್ಯಾಸಲ್‌ರಾಕ್ ತಲುಪಿದರೆ ಬೇರೆಯೇ ಕಥೆ. ಅಲ್ಲಿಂದ ಗೋವಾದ ಕುಳೆಂವರೆಗೆ ಘಟ್ಟದ ಮಾರ್ಗ, 37 ಮೀಟರಿಗೆ ಒಂದು ಮೀಟರ್ ಏರು. ಮೊರ್ಮುಗಾಂವ್ ಬಂದರಿನ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರಬೇಕಾದದ್ದು ಈ ಏರು ಹತ್ತಿಯೇ. ತಿರುವುಗಳಲ್ಲಿ ಗಾಲಿಯ ಅಂಚು ಹೊರಗಿನ ಹಳಿಯ ಒಳಮೈಯನ್ನು ಉಜ್ಜುತ್ತ ಹೋಗುತ್ತದೆ. ಇಂಥ ಕಡೆ ಹಳಿಯ ಪಕ್ಕಕ್ಕೆ ಗ್ರೀಸ್ ಹಚ್ಚಬೇಕು. ಗ್ರೀಸ್ ಹಳಿಯ ನೆತ್ತಿಗೆ ಬಂದರೆ ಮಾತ್ರ ಗಾಲಿ ಜಾರುತ್ತದೆ!

ಇನ್ನೊಂದು ಶತ್ರುವನ್ನು ಕೇಳಿದರೆ ನಗು ಬರಬಹುದು. ದಶಕಗಳ ಕಾಲ ಡಬ್ಬಿಗಳ ಶೌಚಾಲಯದಿಂದ ನೇರವಾಗಿ ಹಳಿಗೆ ಬೀಳುತ್ತಿದ್ದ ಮಲಮೂತ್ರ ಹಳಿಯ ಪಾದವನ್ನೂ ಕ್ಲಿಪ್ಪುಗಳನ್ನೂ ತಿಂದುಹಾಕುತ್ತಿತ್ತು. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯ ರೂಪಿಸಿದ, ಬ್ಯಾಕ್ಟೀರಿಯಾಗಳಿಂದ ಕೊಳೆ ಕರಗಿಸುವ ಜೈವಿಕ ಶೌಚಾಲಯಗಳು ಬಂದದ್ದು ಸ್ವಚ್ಛತೆಗೆ ಮಾತ್ರವಲ್ಲ, ಹಳಿಯ ಆಯುಷ್ಯಕ್ಕೂ ಒಳ್ಳೆಯದಾಯಿತು.

ನಡೆದು ನೋಡುವವರು

ಇಷ್ಟೆಲ್ಲ ಯಂತ್ರವಿದ್ದರೂ ಕೊನೆಗೆ ಹಳಿಯನ್ನು ಕಾಯುವುದು ಮನುಷ್ಯನ ಕಾಲು ಮತ್ತು ಕಣ್ಣು. ಕೀಮನ್ ತನ್ನ ಪಾಲಿನ ಮಾರ್ಗವನ್ನು ದಿನವೂ ನಡೆದು ನೋಡುತ್ತಾನೆ. ಚಳಿಗಾಲದ ರಾತ್ರಿ ನಾವು ಹೊದ್ದು ಮಲಗಿರುವಾಗ, ಎಳೆತ ಅತಿ ಹೆಚ್ಚಿರುವ ಹೊತ್ತಿನಲ್ಲಿ ಗಸ್ತಿನವರು ದೀಪ ಹಿಡಿದು ಹೊರಡುತ್ತಾರೆ. ಮುರಿದ ಹಳಿ ಕಂಡರೆ ಗಸ್ತಿನವನು ಗಾಡಿ ಬರುವ ದಿಕ್ಕಿಗೆ ಕೆಂಪು ದೀಪ ತೋರಿಸುತ್ತ ಓಡಬೇಕು. 600 ಮೀಟರ್ ದೂರದಲ್ಲಿ ಹಳಿಯ ಮೇಲೆ ಒಂದು ಪಟಾಕಿ ಕಟ್ಟಬೇಕು. 1,200 ಮೀಟರ್ ದೂರದಲ್ಲಿ ಹತ್ತು ಹತ್ತು ಮೀಟರಿಗೆ ಒಂದರಂತೆ ಇನ್ನೂ ಮೂರು. ಗಾಲಿಯಡಿ ಅವು ಸಿಡಿದರೆ ಚಾಲಕ ಗಾಡಿ ನಿಲ್ಲಿಸುತ್ತಾನೆ. ಡಬ್ಬಿಯೊಳಗೆ ಮಲಗಿದ ಸಾವಿರಾರು ಜನರ ಜೀವ ಆಗ ಆ ಒಬ್ಬನ ಓಟದ ಮೇಲೆ ನಿಂತಿರುತ್ತದೆ.

ವಿದ್ಯಾರ್ಥಿಗಳಿಗೆ ಇಲ್ಲಿ ಯೋಚಿಸಲು ಬೇಕಾದಷ್ಟಿದೆ. ಹಿಗ್ಗುವಿಕೆ, ಒತ್ತಡ, ಧ್ವನಿಯ ಪ್ರತಿಫಲನ, ಆಕ್ಸಿಡೀಕರಣ ಇವೆಲ್ಲ ಪಠ್ಯಪುಸ್ತಕದ ಪಾಠಗಳೇ. ಹುಬ್ಬಳ್ಳಿಯ ಗದಗ ರಸ್ತೆಯಲ್ಲಿ 2020ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಒಮ್ಮೆ ಹೋಗಿ ಬನ್ನಿ. ಪ್ಲಾಟ್‌ಫಾರ್ಮ್ ಮೇಲೆ ಸುರಕ್ಷಿತ ದೂರದಲ್ಲಿ ನಿಂತು ಹಳಿಯ ಸೊಂಟವನ್ನು ಗಮನಿಸಿ. ತಯಾರಕರ ಹೆಸರು, ವರ್ಷ, ತೂಕದ ಗುರುತು ಉಬ್ಬಕ್ಷರದಲ್ಲಿ ಮೂಡಿರುತ್ತವೆ. ಹಳಿಗೆ ಮಾತ್ರ ಇಳಿಯಬೇಡಿ, ಅದು ಅಪಾಯ, ಕಾನೂನಿನ ಪ್ರಕಾರ ಅಪರಾಧವೂ ಹೌದು.

ಪಾಲಕರಿಗೂ ಒಂದು ಮಾತು. ಮಗ ಅಥವಾ ಮಗಳು ಲೋಹವಿಜ್ಞಾನ, ಸಿವಿಲ್ ಇಂಜಿನಿಯರಿಂಗ್ ಓದುತ್ತೇನೆಂದರೆ ಮುಖ ಸಿಂಡರಿಸಬೇಡಿ. ಹೊಸದನ್ನು ಕಟ್ಟುವುದು ದೊಡ್ಡ ವಿದ್ಯೆ. ಕಟ್ಟಿದ್ದು ಮುರಿಯುವ ಮೊದಲೇ ಎಲ್ಲಿ ಮುರಿದೀತು ಎಂದು ತಿಳಿಯುವುದು ಅದಕ್ಕಿಂತ ಸಣ್ಣ ವಿದ್ಯೆಯೇನಲ್ಲ. ಹ್ಯಾಟ್‌ಫೀಲ್ಡ್‌ನಲ್ಲಿ ಒಳ್ಳೆಯ ಹಳಿಗೆ ಕೊರತೆಯಿರಲಿಲ್ಲ, ಅದನ್ನು ಹೊತ್ತಿಗೆ ಸರಿಯಾಗಿ ಹಾಕುವವರ ಕೊರತೆಯಿತ್ತು. ಹಳಿಯ ಆಯುಷ್ಯವನ್ನು ಕೋಟಿ ಟನ್ನುಗಳಲ್ಲಿ ಬರೆದಿಡಬಹುದು. ಆ ಆಯುಷ್ಯ ತುಂಬುವುದು ಮಾತ್ರ ಬಿರುಕು ಕಂಡ ದಿನವೇ ಕೈ ಹಾಕುವವರಿಂದ.